ಖಾರದ ದೀಪ

ಊರಲ್ಲಿ ಹುಳಿ ಹೋಗಿದೆ ಎಂದು ಬೆಳಿಗ್ಗೆ ಯಾರಾದರೂ ಬಾಗಿಲು ಬಡಿದರೆ ನಾನು ಗಾಬರಿಯಾಗುವುದಿಲ್ಲ. ಚಹಾ ಕುಡಿದು ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಆಟದ ಮನೆಗೆ ಹೊರಡುತ್ತೇನೆ. ಚೀಲದಲ್ಲಿ ಸ್ಕ್ರೂಡ್ರೈವರ್, ಇಕ್ಕಳ, ಬೆಸುಗೆ ಹಾಕುವ ಕಡ್ಡಿ, ಉಪ್ಪುಕಾಗದ, ಮತ್ತೆ ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿಟ್ಟ ಬಲ್ಬುಗಳು. ಹುಳಿಯ ದೀಪ ಕಿಟಕಿಯ ಪಕ್ಕದ ಪೆಟ್ಟಿಗೆಯ ಎಡಮೂಲೆಯಲ್ಲಿದೆ. ಮೇಲಿನ ಗಾಜು ಸರಿಸಿ, ಹಲಗೆ ಎತ್ತಿ, ಕೆಳಗಿನಿಂದ ಕೈ ಹಾಕಿ ಸತ್ತ ಬಲ್ಬನ್ನು ಒತ್ತಿ ತಿರುಗಿಸಿ ತೆಗೆದು ಹೊಸದು ಕೂರಿಸಿದರೆ ಮುಗಿಯಿತು. ಹೇಳಲು ಬಂದವರು ಅಲ್ಲೇ ನಿಂತು ಜೇಬಿನಿಂದ ಹುಣಸೆಹಣ್ಣು ತೆಗೆದು ಚೀಪುತ್ತಾರೆ. ಮುಖ ಕಿವುಚಿದರೆ ಕೆಲಸ ಆಯಿತೆಂದು ಅರ್ಥ.

ಈ ಪೆಟ್ಟಿಗೆಗಳ ಬೆನ್ನಿಗೆ ಹೊಡೆದ ತಗಡಿನಲ್ಲಿ ಪಿನ್‌ಬಾಲ್ ಎಂದು ಬರೆದಿದೆ. ನಾವು ಗುಂಡುಪೆಟ್ಟಿಗೆ ಎನ್ನುತ್ತೇವೆ. ಕಡ್ಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಇಳಿಜಾರಿನ ಹಲಗೆಯ ಮೇಲೆ ಹಾರುತ್ತದೆ. ಬಣ್ಣದ ಟೊಪ್ಪಿಗೆ ಹಾಕಿಕೊಂಡ ಅಣಬೆಗಳಿಗೆ ಡಿಕ್ಕಿ ಹೊಡೆದು, ಗಂಟೆ ಬಾರಿಸಿ, ಕೆಳಗಿಳಿಯುತ್ತದೆ. ಇಳಿದದ್ದನ್ನು ಎರಡು ರೆಕ್ಕೆಗಳಿಂದ ಮತ್ತೆ ಮೇಲಕ್ಕೆ ಬಡಿಯಬೇಕು. ಅಷ್ಟೇ ಆಟ. ಹಲಗೆಯ ಅಡಿಯಲ್ಲೂ ಅಣಬೆಗಳ ಹೊಟ್ಟೆಯಲ್ಲೂ ಸಣ್ಣ ಸಣ್ಣ ದೀಪಗಳು ಉರಿಯುತ್ತವೆ, ಅವುಗಳಿಂದ ಊರು ನಡೆಯುತ್ತದೆ. ಯಾವ ದೀಪ ಏನನ್ನು ಹಿಡಿದುಕೊಂಡಿದೆ ಎಂಬುದು ಅದು ಹೋದಾಗಲೇ ತಿಳಿಯುವುದು. ಒಂದು ಬೇಸಿಗೆ ಪೂರ್ತಿ ಆಕಳಿಕೆಯ ದೀಪ ಹೋಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಶಾಲೆಯ ಮಾಸ್ತರರು ಮಾತ್ರ ತಮ್ಮ ಪಾಠ ಈಗೀಗ ರಂಗೇರಿದೆ ಎಂದು ಹಿಗ್ಗಿ ಓಡಾಡುತ್ತಿದ್ದರು. ನಾನು ಬಲ್ಬ್ ಹಾಕಿದ ಮೇಲೆ ಅವರ ಮುಖ ನೋಡಲಾಗಲಿಲ್ಲ.

ಈ ಕೆಲಸ ನನಗೆ ಅತ್ತೆಯಿಂದ ಬಂದದ್ದು. ಕೆಲಸದ ಜೊತೆಗೆ ಕಟ್ಟಳೆಗಳೂ ಬಂದವು. ಕೊರತೆಯನ್ನು ಮೊದಲು ಗಮನಿಸಿದವರು ದೀಪ ಹತ್ತಿದ ಮೇಲೆ ಒಂದು ಗುಂಡು ಹೊಡೆದು ಹೋಗಬೇಕು, ಏಕೆಂದರೆ ಹೊಡೆತಕ್ಕೆ ಅಲುಗಾಡಿದಾಗಲೂ ದೀಪ ನಿಂತರೆ ಮಾತ್ರ ಅದು ನಿಂತಂತೆ. ಊರಿಗಾಗಿ ಯಾವುದಾದರೂ ದೀಪವನ್ನು ಕಾಯಂ ಆರಿಸಬೇಕಾಗಿ ಬಂದರೆ, ಅದರಿಂದ ಯಾರಿಗೆ ಹೆಚ್ಚು ನೋವೋ ಅವರ ಮಾತೇ ಕೊನೆಯ ಮಾತು. ಮತ್ತೆ, ಸಣ್ಣ ಬಲ್ಬಿನ ಜಾಗಕ್ಕೆ ದೊಡ್ಡ ಬಲ್ಬ್ ಹಾಕಬಾರದು. ಈ ಕೊನೆಯದನ್ನು ಮಾತ್ರ ಜನ ಆಗಾಗ ಮುರಿಯುತ್ತಾರೆ. ಆಟದ ಮನೆಗೆ ಬೀಗ ಇಲ್ಲ, ಆಸೆಗೂ ಇಲ್ಲ. ಒಮ್ಮೆ ಮದುವೆ ಮನೆಯವರು ತಮ್ಮ ಬುಂದಿ ಲಾಡು ಹೆಸರಾಗಲಿ ಎಂದು ಸಿಹಿಯ ದೀಪಕ್ಕೆ ದಪ್ಪ ಬಲ್ಬ್ ಹಾಕಿದರು. ಆ ವಾರ ಊರಲ್ಲಿ ಯಾರಿಗೂ ಬಾಳೆಹಣ್ಣು ತಿನ್ನಲಾಗಲಿಲ್ಲ. ನೀರು ಕುಡಿದರೂ ಪಾನಕ ಕುಡಿದಂತೆ ಆಗಿ ಎಲ್ಲರೂ ಮದುವೆ ಮನೆಯವರಿಗೆ ಛೀಮಾರಿ ಹಾಕಿದರು.

ನನ್ನ ಗಂಡ ಅಡಿವೆಪ್ಪನಿಗೆ ಕಣ್ಣಿಲ್ಲ. ಸಣ್ಣವನಿದ್ದಾಗ ಬಂದ ಜ್ವರ ಹೋಗುವಾಗ ಕಣ್ಣನ್ನೂ ಕರೆದುಕೊಂಡು ಹೋಯಿತಂತೆ. ಹಗ್ಗದ ಮಂಚ, ಅಂದರೆ ಹೊರಸು, ಹೆಣೆಯುವುದು ಅವನ ಕೆಲಸ, ಮಾತಾಡುವುದು ಅವನ ಚಟ. ಮನೆಯ ಕಟ್ಟೆಯ ಮೇಲೆ ಹಗ್ಗ ಎಳೆಯುತ್ತ ಕುಳಿತನೆಂದರೆ ಹಾದಿಯಲ್ಲಿ ಹೋಗುವ ಒಬ್ಬರನ್ನೂ ಬಿಡುವುದಿಲ್ಲ. ಕೆಮ್ಮಿದರೆ ಸಾಕು, ಹೆಸರು ಹಿಡಿದು ಕರೆದು, ನಿನ್ನೆ ಯಾಕೆ ಬರಲಿಲ್ಲ ಎಂದು ಜಗಳ ತೆಗೆಯುತ್ತಾನೆ. ಒಬ್ಬರ ದನಿಯಲ್ಲಿ ಅವರು ಉಂಡಿದ್ದಾರೋ ಇಲ್ಲವೋ, ಯಾರ ಮೇಲೆ ಸಿಟ್ಟಾಗಿದ್ದಾರೆ ಎಂಬುದೆಲ್ಲ ಅವನಿಗೆ ತಿಳಿಯುತ್ತದೆ. ಮದುವೆಯಾದ ಹೊಸತರಲ್ಲಿ ಇದು ನನಗೆ ದೊಡ್ಡ ತಲೆನೋವಾಗಿತ್ತು. ತವರಿನ ನೆನಪಾಗಿ ಅತ್ತು, ಮುಖ ತೊಳೆದು, ಪುಡಿ ಹಚ್ಚಿಕೊಂಡು ಬಂದರೂ, ಊಟಕ್ಕೆ ಏಳಿ ಎನ್ನುವ ಎರಡು ಮಾತಿನಲ್ಲೇ ಸಿಕ್ಕಿಬೀಳುತ್ತಿದ್ದೆ.

ಹಾಗಾಗಿ ದನಿಗಳು ಹೋದದ್ದನ್ನು ಊರಲ್ಲಿ ಮೊದಲು ಗಮನಿಸಿದವನು ಅವನೇ. ಒಂದು ಮುಂಜಾನೆ ನಾನು ಏನೋ ಕೇಳಿದೆ. ಅವನು ಹಗ್ಗ ಕೈಬಿಟ್ಟು ಯಾರದು ಎಂದ. ನಾನೇ ಎಂದೆ. ಹಾಗೆನ್ನುವಾಗ ನನಗೂ ತಿಳಿಯಿತು. ನನ್ನ ಬಾಯಿಂದ ಬಂದದ್ದು ನನ್ನ ದನಿಯಾಗಿರಲಿಲ್ಲ, ಅವನದೂ ಅವನದಾಗಿರಲಿಲ್ಲ. ಇಬ್ಬರದೂ ಒಂದೇ. ಖಾಲಿ ಡಬ್ಬಿಯೊಳಗಿಂದ ಬಂದಂಥ ಸಪ್ಪೆ ದನಿ. ಬೀದಿಗೆ ಬಂದರೆ ಹಾಲಿನವನು, ಅವನ ಹೆಂಡತಿ, ಆಡುವ ಮಕ್ಕಳು, ಎಲ್ಲರೂ ಅದೇ ದನಿಯಲ್ಲಿ ಮಾತಾಡುತ್ತಿದ್ದರು.

ಊರು ಎಲ್ಲಕ್ಕೂ ಹೊಂದಿಕೊಳ್ಳುವಂತೆ ಇದಕ್ಕೂ ಹೊಂದಿಕೊಂಡಿತು. ಜನ ಮೊದಲು ಹೆಸರು ಹೇಳಿ ಆಮೇಲೆ ಮಾತು ಶುರುಮಾಡಿದರು. ಕತ್ತಲೆ ಕೋಣೆಯಲ್ಲಿ ಮಾತಾಡುವುದು ಬಿಟ್ಟರು. ಕೆಲವು ಸೊಸೆಯಂದಿರಿಗಂತೂ ಹಬ್ಬವೇ ಆಯಿತು. ಹಿತ್ತಲಲ್ಲಿ ನಿಂತು ಅತ್ತೆಗೆ ಮನಸಾರೆ ಬೈದು, ಒಳಗೆ ಬಂದು, ಯಾರೋ ಏನೋ ಅಂದರಲ್ಲ ಎಂದು ತಾವೇ ಕೇಳುತ್ತಿದ್ದರು. ನಾನೂ ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬಲ್ಬಿನ ಕೆಲಸ ತಾನೇ ಎಂದುಕೊಂಡು ಚೀಲ ತೆಗೆದುಕೊಂಡು ಹೋದೆ.

ಆರಿದ್ದದ್ದು ಬಾಗಿಲ ಬಳಿಯ ಪೆಟ್ಟಿಗೆಯ ಬಲಗಡೆ ಅಣಬೆಯ ದೀಪ. ಹೊಸ ಬಲ್ಬ್ ಹಾಕಿದೆ, ಹತ್ತಲಿಲ್ಲ. ಇನ್ನೊಂದು ಹಾಕಿದೆ. ಅದೇ ಬಲ್ಬನ್ನು ಬೇರೆ ಕಡೆ ಹಾಕಿದರೆ ಚೆನ್ನಾಗಿಯೇ ಉರಿಯಿತು. ಹಾಗಾದರೆ ತಪ್ಪು ಬಲ್ಬಿನದಲ್ಲ, ಹೋಲ್ಡರಿನದು. ಹೋಲ್ಡರಿಗೆ ಕಿಲುಬು ಹಿಡಿಯುವುದು ಹೊಸದಲ್ಲ. ಉಪ್ಪುಕಾಗದ ಸುರುಳಿ ಮಾಡಿ ಒಳಗೆ ತಿಕ್ಕಿದರೆ ಹಿತ್ತಾಳೆ ಹೊಳೆಯುತ್ತದೆ, ದೀಪ ಬರುತ್ತದೆ. ಆದರೆ ಅಣಬೆಯ ಟೊಪ್ಪಿಗೆ ಬಿಚ್ಚಿ ನೋಡಿದಾಗ ಕಂಡದ್ದು ಕಿಲುಬಲ್ಲ. ಹೋಲ್ಡರಿನ ಬಾಯಿ ಸುಟ್ಟು ಕಪ್ಪಾಗಿತ್ತು. ಒಳಗಿನ ಬೆಸುಗೆ ಕರಗಿ ಕೆಳಗಿಳಿದಿತ್ತು. ಬಲ್ಬನ್ನು ಮೇಲಕ್ಕೊತ್ತಿ ಹಿಡಿಯುವ ಸ್ಪ್ರಿಂಗು ಬೆರಳು ತಾಗಿಸಿದ ಕೂಡಲೇ ಪುಡಿಯಾಗಿ ಉದುರಿತು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ನಿಂತರು. ಭಜನಾ ಮಂಡಳಿಯ ಗೂಳಪ್ಪ. ಹೆಸರು ಹೇಳದೆ ನಿಂತೇ ಇದ್ದ, ನನ್ನ ಮುಖ ನೋಡುತ್ತಿರಲಿಲ್ಲ. ಅವನದು ಮೊದಲಿನಿಂದಲೂ ಕರಟ ಕೆರೆದಂಥ ಗಂಟಲು. ಆದರೂ ಮುಂದಿನ ಸಾಲಿನಲ್ಲಿ ಕುಳಿತು ಹಾಡುವ ಆಸೆ ಬಿಟ್ಟವನಲ್ಲ. ಸಪ್ತಾಹಕ್ಕೆ ಪರವೂರಿನ ಜನ ಬರುತ್ತಾರೆಂದು, ಯಾರಿಗೂ ಹೇಳದೆ, ಹಳೆಯ ಮೋಟಾರ್ ಸೈಕಲ್ಲಿನ ದೀಪದ ಬಲ್ಬನ್ನು ಅಳತೆಗೆ ಬರುವಂತೆ ಉಜ್ಜಿ ಉಜ್ಜಿ ದನಿಯ ಹೋಲ್ಡರಿಗೆ ಕೂರಿಸಿದ್ದನಂತೆ; ಅತ್ತೆಯ ಕಾಲದಲ್ಲೊಮ್ಮೆ ಆ ದೀಪ ಆರಿದ್ದರಿಂದ ಜಾಗ ಅವನಿಗೆ ಗೊತ್ತಿತ್ತು. ಆಗ ನನಗೆ ಹಿಂದಿನ ವಾರದ್ದೆಲ್ಲ ನೆನಪಾಯಿತು. ಆ ವಾರ ಊರಿನವರೆಲ್ಲರ ದನಿ ತೊಳೆದಿಟ್ಟ ಹಾಗಿತ್ತು. ತರಕಾರಿಯವಳು ಕೂಗಿದರೂ ಇಂಪಾಗಿತ್ತು. ನಾವು ಹವೆ ಚೆನ್ನಾಗಿದೆ ಎಂದುಕೊಂಡಿದ್ದೆವು. ಗೂಳಪ್ಪ ಸಪ್ತಾಹದಲ್ಲಿ ಶಾಲು ಹೊದಿಸಿಕೊಂಡ. ಆ ಬಲ್ಬಿನ ಕಾವಿಗೆ ಹೋಲ್ಡರ್ ಬೆಂದುಹೋಯಿತು, ದೀಪ ಆರಿದ್ದು ಕಂಡು ಅವನು ಗುಟ್ಟಾಗಿ ಹಳೆಯ ಬಲ್ಬನ್ನೇ ತಿರುಗಿ ಹಾಕಿದ್ದ.

ಅವನಿಗೆ ಬೈಯಬೇಕೆಂದು ಬಾಯಿ ತೆರೆದೆ. ನನ್ನದಲ್ಲದ ದನಿಯಲ್ಲಿ ಬೈದರೆ ಏನು ಸುಖ ಎನಿಸಿ ಸುಮ್ಮನಾದೆ.

ಇಂಥ ಹೋಲ್ಡರ್ ಮಾಡುವವರು ಈಗ ಎಲ್ಲೂ ಇಲ್ಲ. ಅತ್ತೆಯ ಕಾಲದಲ್ಲಿ ಒಂದು ಡಬ್ಬಿಯ ತುಂಬ ಇದ್ದವು, ಅವು ಒಂದೊಂದಾಗಿ ಎಂದೋ ಮುಗಿದಿದ್ದವು. ಹಲಗೆಯ ಕೆಳಗಿನ ದೀಪಗಳಿಗೆ ಗಿಡ್ಡ ಹೋಲ್ಡರ್ ಸಾಕು, ಅವನ್ನು ಹೇಗಾದರೂ ಮಾಡಿ ಹೊಂದಿಸಬಹುದು. ಅಣಬೆಯೊಳಗಿನದಕ್ಕೆ ಉದ್ದ ಕಾಲು ಬೇಕು. ಆ ಕಾಲುಗಳು ಹಲಗೆಯನ್ನು ತೂರಿ ಕೆಳಗಿಳಿದು ತಂತಿಯನ್ನು ಮುಟ್ಟಬೇಕು. ಗುಂಡು ಬಂದು ಬಡಿಯುವುದು ಅಣಬೆಗೇ ಆದ್ದರಿಂದ ಗಟ್ಟಿಯಾಗಿ ನಿಲ್ಲಲೂಬೇಕು. ನಾನು ಕೆಟ್ಟ ಟಾರ್ಚಿನ ಹಿತ್ತಾಳೆ ಕತ್ತರಿಸಿ, ತಾಮ್ರದ ತಂತಿಯ ಕಾಲು ಬೆಸೆದು ಒಂದನ್ನು ಮಾಡಿದೆ. ಅಡಿವೆಪ್ಪನನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ದೀಪ ಹತ್ತಿತು. ಕೇಳಿಸಿತೇನ್ರಿ ಎಂದೆ, ನನ್ನದೇ ದನಿಯಲ್ಲಿ. ಅವನ ಮುಖ ಅರಳಿತು, ಒಂದು ಕೈ ನನ್ನ ಕಡೆ ಚಾಚಿದ. ಇನ್ನೊಂದರಿಂದ ಕಟ್ಟಳೆಯಂತೆ ಗುಂಡು ಹೊಡೆದ. ಗುಂಡು ಅಣಬೆಗೆ ಬಡಿದದ್ದೇ ತಡ, ದೀಪ ಹೋಯಿತು. ನಾನು ಆಡುತ್ತಿದ್ದ ಮಾತಿನ ಉಳಿದರ್ಧ ಡಬ್ಬಿಯ ದನಿಯಲ್ಲಿ ಹೊರಬಿತ್ತು. ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಆಮೇಲೆ ಅವನು ಕಟ್ಟೆಗೆ ಬರುವುದನ್ನು ಬಿಟ್ಟ. ಒಳಗೆ ಕುಳಿತು ಹೆಣೆದ, ಹೆಣೆದದ್ದನ್ನು ಬಿಚ್ಚಿದ. ಮಾತಿಗೆ ಮಾತು ಕೊಡಲಿಲ್ಲ. ಒಂದು ದಿನ ರೊಟ್ಟಿಯ ತಾಟು ಮುಂದಿಟ್ಟು, ಏನಾಗಿದೆ ಬಾಯಿಬಿಟ್ಟು ಹೇಳಿ ಎಂದು ಹಟ ಹಿಡಿದೆ.

“ಎಲ್ಲಾರೂ ನನ್ನ ದನಿಯೊಳಗ ಮಾತಾಡಾಕತ್ತಾರ. ಈ ಕತ್ತಲದಾಗ ನಾ ಒಬ್ಬಾವ ಕುಂತು ನನ್ನ ಜೋಡಿ ಮಾತಾಡಿದಂಗ ಆಗತೈತಿ,” ಎಂದ.

“ನಾನು ಅನ್ನೂದು ಗೊತ್ತಾಗತೈತಿಲ್ರಿ? ಬಳಿ ಸಪ್ಪಳ ಐತಿ, ಹೆಜ್ಜಿ ಸಪ್ಪಳ ಐತಿ.”

“ಗೊತ್ತಾಗೂದು ಬ್ಯಾರೆ, ಬಾಳವ್ವ. ನೀ ಬಂದಿ ಅಂತ ಅನಸೂದು ಬ್ಯಾರೆ.”

ಕಣ್ಣಿದ್ದವರಿಗೆ ಹೋದದ್ದು ದನಿ. ಅವನಿಗೆ ಊರೇ ಹೋಗಿತ್ತು, ಊರಿನ ಜೊತೆಗೆ ನಾನೂ.

ಬೇರೆ ಪೆಟ್ಟಿಗೆಗಳ ಅಣಬೆಗಳಿಗೆ ದೀಪವಿಲ್ಲ, ಹಾಗಾಗಿ ಉದ್ದ ಕಾಲಿನ ಹೋಲ್ಡರ್ ಊರಲ್ಲಿ ಇನ್ನೊಂದೇ ಇತ್ತು. ಅದೇ ಪೆಟ್ಟಿಗೆಯ ಎಡಗಡೆ ಅಣಬೆಯಲ್ಲಿ. ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು, ಆದರೆ ಆ ಕಡೆ ನೋಡಲೂ ಮನಸ್ಸು ಬರುತ್ತಿರಲಿಲ್ಲ. ಅದು ಖಾರದ ದೀಪ. ನಮ್ಮೂರು ಖಾರದಿಂದ ಬದುಕಿದ ಊರು. ಎದೆಹಾಲು ಬಿಟ್ಟ ಮಗುವಿನ ನಾಲಿಗೆಗೆ ಮೊದಲು ತಾಗಿಸುವುದೇ ಮೆಣಸಿನಕಾಯಿಯ ತುದಿಯನ್ನು. ಆ ದೀಪ ಹೋದರೆ ಹೆಚ್ಚು ನೋವು ಯಾರಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಖಾನಾವಳಿಯ ಕಾಶವ್ವನಿಗೆ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅವಳು ಅರೆಯುವ ರಂಜಕಕ್ಕೆ ಸರಿಸಾಟಿ ಇಲ್ಲ. ಗಂಡ ಸತ್ತ ಮೇಲೆ ಒಂದು ಒರಳು, ಒಂದು ಒಲೆ ಇಟ್ಟುಕೊಂಡು ಆ ರಂಜಕದಿಂದಲೇ ಹೆಸರು ಮಾಡಿದವಳು. ಅದನ್ನು ತಿಂದು ಕಣ್ಣು ಒರೆಸಿಕೊಳ್ಳುವವರನ್ನು ಬಾಗಿಲಿಗೆ ಆತು ನಿಂತು ನೋಡುವುದು ಅವಳಿಗಿದ್ದ ಒಂದೇ ಸಂತೋಷ. ಅದನ್ನು ಕೊಡು ಎಂದು ಯಾವ ಬಾಯಿಂದ ಕೇಳಲಿ?

ಅಡಿವೆಪ್ಪನಿಗೆ ಹೇಳಿದೆ. ಊರಿನ ನಾಲಿಗೆ ಕಿತ್ತುಕೊಂಡು ತನ್ನ ಕಿವಿ ತುಂಬಿಸುವುದು ಬೇಡ ಎಂದು ಅವನು ಖಂಡತುಂಡವಾಗಿ ಹೇಳಿಬಿಟ್ಟ. ನಾನು ಅಲ್ಲಿಗೇ ಬಿಟ್ಟೆ. ಬಿಟ್ಟೆ ಎಂದರೆ, ದಿನಾ ಹೋಗಿ ಸುಟ್ಟ ಹೋಲ್ಡರಿನ ಮುಂದೆ ಕುಳಿತು ಮತ್ತೆ ಏನಾದರೂ ಮಾಡಲಾದೀತೇ ಎಂದು ಕೆರೆಯುತ್ತಿದ್ದೆ. ಗೂಳಪ್ಪ ಬಂದು ದೂರದಲ್ಲಿ ಕೂರುತ್ತಿದ್ದ. ಹಾಗಲಕಾಯಿಯ ಕಹಿ ತೆಗೆದುಕೋ, ಬಿಕ್ಕಳಿಕೆ ತೆಗೆದುಕೋ, ಬೇಕಿದ್ದರೆ ಇಡೀ ಊರಿನ ಸೀನು ತೆಗೆದುಕೋ ಎನ್ನುತ್ತಿದ್ದ. ಅವೆಲ್ಲ ಗಿಡ್ಡ ಹೋಲ್ಡರಿನವು ಎಂದು ಎಷ್ಟು ಹೇಳಿದರೂ ಅವನ ತಲೆಗೆ ಹೋಗುತ್ತಿರಲಿಲ್ಲ. ಕೊನೆಗೆ ಎಡಗಡೆ ಅಣಬೆಯ ವಿಷಯ ಬಾಯಿಬಿಟ್ಟೆ. ಅವನು ತಟ್ಟನೆ ಎದ್ದು ಹೋದ.

ಮಾರನೇ ದಿನ ಕಾಶವ್ವ ತಾನೇ ಬಂದಳು. ಒಲೆಯ ಮುಂದಿನಿಂದ ಎದ್ದವಳು ಹಾಗೇ ಬಂದಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಪೆಟ್ಟಿಗೆಯ ಗಾಜಿನೊಳಗೆ ಸ್ವಲ್ಪ ಹೊತ್ತು ಇಣುಕಿ ನೋಡಿದಳು. ಅವಳು ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲಿರಬೇಕು. ಯಾವುದು ತನ್ನದು ಎಂದು ಕೇಳಿದಳು, ತೋರಿಸಿದೆ. ಕೆಂಪು ಟೊಪ್ಪಿಗೆಯ ಅಣಬೆ, ಒಳಗೆ ದೀಪ ಬೆಳಗುತ್ತಿತ್ತು.

“ನನ್ನ ಕೇಳಾಕ ನಿನಗ ಬಾಯಿ ಬರಲಿಲ್ಲಂತ ಗೂಳಪ್ಪ ಹೇಳಿದ,” ಎಂದಳು. “ಕೇಳಬ್ಯಾಡ. ನಾನ ಹೇಳತೀನಿ, ತಗಿ.”

ರಂಜಕದ ಗತಿ ಏನು ಎಂದೆ.

“ಉಪ್ಪು ಐತಿ, ಬಳ್ಳೊಳ್ಳಿ ಐತಿ, ಬಣ್ಣ ಐತಿ. ನನ್ನ ಕೈ ಎಲ್ಲಿ ಹೋಗತೈತಿ?” ಎಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನನ್ನ ಗಂಡ ಹ್ವಾದ ಮ್ಯಾಲ ಅವನ ದನಿ ಒಮ್ಮೆ ಕೇಳಿದ್ರ ಸಾಕು ಅಂತ ಎಷ್ಟು ಬಡಕೊಂಡೀನಿ, ನಿನಗೇನು ಗೊತ್ತು. ನಿನ್ನ ಗಂಡ ಇನ್ನೂ ಅದಾನ. ಅವ ಇದ್ದೂ ನಿನ್ನ ದನಿ ಕೇಳಲಾರದಂಗ ಇರೂದು ಎಂಥಾ ಬಾಳೇವವ್ವ?”

ನಾನು ಅವಳ ಕಾಲು ಮುಟ್ಟಲು ಬಾಗಿದೆ. ಅವಳು ಹಿಂದೆ ಸರಿದು, ನಾಳೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಬರಲಿ, ಅದಾದ ಮೇಲೆ ತೆಗಿ ಎಂದು ಹೇಳಿ ಹೋದಳು.

ಆ ಮಧ್ಯಾಹ್ನ ಇಡೀ ಊರು ಖಾನಾವಳಿಯ ಮುಂದೆ ಪಂಕ್ತಿ ಹಿಡಿದು ಕುಳಿತಿತು. ಗೊಣಗಿದವರು ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಒಬ್ಬರ ಕಿವಿಗಾಗಿ ಎಲ್ಲರ ಬಾಯಿ ಯಾಕೆ ಕೆಡಬೇಕು ಎಂದು ಒಬ್ಬಿಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು. ಎಲ್ಲರ ದನಿ ಒಂದೇ ಆಗಿದ್ದರಿಂದ ಅಂದವರು ಯಾರೆಂದು ಗೊತ್ತಾಗಲಿಲ್ಲ. ಅದಕ್ಕೂ ನಾನು ದೇವರಿಗೆ ಕೈ ಮುಗಿದೆ. ಗೊತ್ತಾಗಿದ್ದರೆ ಇವತ್ತಿಗೂ ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಕಾಶವ್ವ ಒರಳಿನ ತಳದವರೆಗೂ ಬಾಚಿ ಬಡಿಸಿದಳು. ಮುದುಕರು, ಬಾಣಂತಿಯರು, ಹೊಟ್ಟೆ ಕೆಟ್ಟವರು, ಎಲ್ಲರೂ ತಿಂದರು. ಗೂಳಪ್ಪ ರಂಜಕ ಸಾಲದೆಂದು ಹಸಿಮೆಣಸಿನಕಾಯಿ ಕಡಿದು ಕಡಿದು ತಿಂದ. ಮೂಗು, ಕಣ್ಣು, ಹಣೆ, ಎಲ್ಲ ಕಡೆಯಿಂದ ನೀರು ಸುರಿಯುತ್ತಿತ್ತು. ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ತಾಟು ನೆಕ್ಕಿ ಎದ್ದು, ಕಾಶವ್ವನಿಗೆ ಕೈಮುಗಿದು, ನಮ್ಮ ಹಿಂದೆಯೇ ಆಟದ ಮನೆಗೆ ಬಂದರು.

ಅಡಿವೆಪ್ಪನನ್ನು ಕಾಶವ್ವನೇ ಕೈಹಿಡಿದು ಕರೆತಂದಳು. ಅವನು ಬಾಗಿಲವರೆಗೂ ಬೇಡ ಬೇಡ ಎನ್ನುತ್ತಲೇ ಬಂದ.

ನಾನು ವಿದ್ಯುತ್ತು ಆರಿಸಿ, ಗಾಜು ಜಾರಿಸಿ ಗೋಡೆಗೆ ಆನಿಸಿದೆ. ಹಲಗೆ ಎತ್ತಿ ಕೋಲಿನ ಆಸರೆ ಕೊಟ್ಟೆ. ಎಡಗಡೆ ಅಣಬೆಯ ಕೆಂಪು ಟೊಪ್ಪಿಗೆಯ ತಿರುಪುಗಳನ್ನು ಬಿಚ್ಚಿದೆ. ಕೆಳಗಿನಿಂದ ಬೆಸುಗೆ ಕರಗಿಸಿ, ಹಲಗೆಗೆ ಬಡಿದಿದ್ದ ಯು ಆಕಾರದ ಮೊಳೆಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದೆ. ಹೋಲ್ಡರ್ ಮೇಲೆ ಬಂತು, ಒಂದು ಕಾಲೂ ಮುರಿಯದೆ. ಸುಟ್ಟದ್ದನ್ನು ಕಿತ್ತು ಆ ಜಾಗ ತಿಕ್ಕಿದೆ. ಕಾಶವ್ವನ ಹೋಲ್ಡರಿನ ಬಾಯಿಗೂ ಉಪ್ಪುಕಾಗದ ಹಿಡಿದೆ. ಕಾಲುಗಳನ್ನು ಹಲಗೆಯ ತೂತಿನಿಂದ ಇಳಿಸಿ, ಬಗ್ಗಿಸಿ, ತಂತಿಗೆ ಬೆಸೆದೆ. ಸಣ್ಣ ಬಲ್ಬನ್ನು, ಅಂದರೆ ಅತ್ತೆ ಹೇಳಿಕೊಟ್ಟಷ್ಟೇ ಸಣ್ಣದನ್ನು, ಒತ್ತಿ ತಿರುಗಿಸಿ ಕೂರಿಸಿದೆ. ಗಾಜು ಮುಚ್ಚಿದೆ. ವಿದ್ಯುತ್ತು ಕೊಟ್ಟೆ.

ಬಲಗಡೆ ಅಣಬೆ ಬೆಳಗಿತು. ಎಡಗಡೆಯದು ಕತ್ತಲಾಗಿಯೇ ಉಳಿಯಿತು.

ಯಾರೂ ಮಾತಾಡಲಿಲ್ಲ. ಗುಂಡು ಹೊಡೆಯುವ ತನಕ ನಂಬಿಕೆ ಇಲ್ಲ. ಅಡಿವೆಪ್ಪನ ಕೈ ಹಿಡಿದು ಕಡ್ಡಿಯ ಮೇಲೆ ಇಟ್ಟೆ. ಅವನು ಎಳೆದು ಬಿಟ್ಟ. ಗುಂಡು ಹಾರಿ ಅಣಬೆಗೆ ಬಡಿಯಿತು, ಮತ್ತೆ ಬಡಿಯಿತು, ಗಂಟೆ ಹೊಡೆಯಿತು. ದೀಪ ಕಣ್ಣು ಮಿಟುಕಿಸಲಿಲ್ಲ. ಗುಂಡು ಉರುಳಿ ಕೆಳಗಿನ ತೂತಿಗೆ ಬಿತ್ತು.

ಇಷ್ಟು ದಿನ ಕಾದದ್ದು ಇದಕ್ಕೇ, ಈಗ ಬಾಯಿಗೆ ಒಂದೂ ಬರಲೊಲ್ಲದು. ಕೊನೆಗೆ ದಿನಾ ಹೇಳುವುದನ್ನೇ ಹೇಳಿದೆ.

“ದೀಪ ಹತ್ತೇತ್ರಿ. ಮನಿಗೆ ಹೋಗೂಣೇನು?”

ಅವನು ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ತಲೆ ತಗ್ಗಿಸಿದ. “ಅತ್ತೀಯಲ್ಲ ನೀನು,” ಎಂದ. ಅವನದೇ ದನಿ, ಸ್ವಲ್ಪ ಒಡೆದದ್ದು, ನಗುವಿನ ಅಂಚಿನದು. ನಾನು ಖಾರ ತಿಂದಿದ್ದಕ್ಕೆ ಎಂದೆ. ಸುಳ್ಳು ಹೇಳಬೇಡ ಎಂದ. ಹಿಂದೆ ನಿಂತ ಜನ ಆಗ ಒಮ್ಮೆಲೇ ಮಾತಾಡತೊಡಗಿದರು. ಒಬ್ಬರ ಹೆಸರನ್ನು ಒಬ್ಬರು ಕರೆದರು, ತಮ್ಮ ಹೆಸರನ್ನು ತಾವೇ ಹೇಳಿಕೊಂಡರು. ಆ ಗದ್ದಲದಲ್ಲಿ ಅಡಿವೆಪ್ಪ ತೇಲುತ್ತಿರುವವನಂತೆ ನಿಂತಿದ್ದ.

ಈ ಋಣ ತೀರಿಸುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಬೆಳಿಗ್ಗೆ ಅವನು ಕಟ್ಟೆಯ ಮೇಲಿಂದ ಯಾರನ್ನೋ ಕರೆದು ಜಗಳ ತೆಗೆದಾಗಲೆಲ್ಲ ನನಗೆ ಒಂದೊಂದು ಮನೆಯ ಖಾರವಿಲ್ಲದ ಚಟ್ನಿ ನೆನಪಾಗುತ್ತದೆ. ಅಂದಿನಿಂದ ಊರಿನ ಎಲ್ಲ ಮನೆಗಳ ಅಡುಗೆಯಲ್ಲೂ ನನ್ನ ಪಾಲಿನ ಸಾಲವಿದೆ.

ಖಾನಾವಳಿಗೆ ಹೋಗಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಅಡಿವೆಪ್ಪನೇ ಎಬ್ಬಿಸಿಕೊಂಡು ಹೋದ. ಜನ ಕುಳಿತಿದ್ದರು, ಗೂಳಪ್ಪನೂ ಇದ್ದ. ಕಾಶವ್ವ ರೊಟ್ಟಿ, ಪಲ್ಯ ಬಡಿಸಿ, ತಾಟಿನ ಅಂಚಿಗೆ ಎಂದಿನಷ್ಟೇ ರಂಜಕ ಇಟ್ಟಳು. ಕೆಂಪಗೆ ಹೊಳೆಯುತ್ತಿತ್ತು. ಬಡಿಸಿದವಳು ಬಾಗಿಲಿಗೆ ಆತು ನಿಲ್ಲಲಿಲ್ಲ. ಒಳಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ಯಾರೂ ರಂಜಕ ಮುಟ್ಟಲಿಲ್ಲ.

ಅಡಿವೆಪ್ಪ ತಾಟಿನ ಅಂಚು ತಡವಿ, ರೊಟ್ಟಿಯ ತುಂಡಿಗೆ ದಂಡಿಯಾಗಿ ರಂಜಕ ಬಳಿದು ಬಾಯಿಗಿಟ್ಟುಕೊಂಡ. ಅಗಿದ. ಆಮೇಲೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು ಸ್ಸ್ ಹಾ ಎಂದ.

“ಕಾಶವ್ವ, ಇವತ್ತ ಖಾರ ಭಾಳ ಆತು. ನೀರು ತಗೊಂಡ ಬಾ.”

ಇತ್ತ ಕಡೆಯಿಂದ ಇನ್ನೊಂದು ಸ್ಸ್ ಬಂತು. ಅಡಿವೆಪ್ಪ ತಲೆ ಹೊರಳಿಸಿ, ಗೂಳಪ್ಪ ಎಂದ. ಆ ಮೂಲೆಯಿಂದ ಒಂದು, ಹೂವಿನ ಶಾರವ್ವ ಎಂದ. ಆಮೇಲೆ ಮಾಸ್ತರರು, ಹಾಲಿನವನು, ಗೋಡೆಗೊರಗಿ ಕುಳಿತ ಮುದುಕ, ಒಬ್ಬೊಬ್ಬರಾಗಿ ರಂಜಕ ನೆಕ್ಕಿ, ಸ್ಸ್ ಎಂದು ಉಸಿರೆಳೆದು, ತಮ್ಮ ಹೆಸರು ಅವನ ಬಾಯಲ್ಲಿ ಬರುವವರೆಗೆ ಕಾದರು. ಒಂದನ್ನೂ ಅವನು ತಪ್ಪು ಹೇಳಲಿಲ್ಲ.

ಕಾಶವ್ವ ನೀರಿನ ತಂಬಿಗೆ ಹಿಡಿದು ಬಂದಳು. ಇಷ್ಟು ಖಾರಕ್ಕೆ ಹೀಗೆ ಮಾಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಎಲ್ಲರಿಗೂ ಗದರಿದಳು. ಅವಳ ದನಿ ನಡುಗುತ್ತಿತ್ತು. ಇದು ಕಾಶವ್ವ ಎಂದು ಅಡಿವೆಪ್ಪ ಮೆಲ್ಲಗೆ ಅಂದ, ಅದು ಯಾರೆಂದು ಯಾರೂ ಕೇಳಿರದಿದ್ದರೂ.

ಅವಳು ಪಂಕ್ತಿಯ ಉದ್ದಕ್ಕೂ ನೀರು ಹಾಕುತ್ತ ನನ್ನ ಮುಂದೆ ಬಂದು ನಿಂತಳು. ನನ್ನ ಬಾಯಲ್ಲಿ ಉಪ್ಪು, ಬೆಳ್ಳುಳ್ಳಿ ಬಿಟ್ಟರೆ ಏನೂ ಇರಲಿಲ್ಲ. ನಾನು ಲೋಟ ಮುಂದಕ್ಕೆ ಹಿಡಿದೆ. ತುಂಬಿಸಿದಳು, ಗಟಗಟ ಕುಡಿದೆ, ಮತ್ತೆ ಹಿಡಿದೆ.